ಮೇಲಿನ ಮನೆಯ ನೀರು

ಮೇಲಿನ ಮನೆಯ ವಿಮಲಾ ಅವರಿಗೆ,

ನೀವು ಸುಬ್ರಹ್ಮಣ್ಯಪುರದ ನಿಮ್ಮ ಅಕ್ಕನ ಮನೆಗೆ ಹೋಗಿ ಏಳು ವಾರವಾಯಿತು. ಬಚ್ಚಲುಮನೆ ರಿಪೇರಿ ಮುಗಿದ ಕೂಡಲೇ ಮರಳುವವರಂತೆ ಎರಡೇ ಚೀಲ ಹಿಡಿದು ಆಟೊ ಹತ್ತಿದಿರಿ. ರಿಪೇರಿ ಮುಗಿದು ಇಪ್ಪತ್ತು ದಿನವಾಗಿದೆ. ಇದನ್ನು ನಿಮಗೆ ಯಾರೂ ಹೇಳಿಲ್ಲವೆಂದು ನನಗೆ ಗೊತ್ತು. ಹೇಳದವರಲ್ಲಿ ನಾನೂ ಒಬ್ಬ. ಫೋನ್ ಮಾಡಬಹುದಿತ್ತು. ಆದರೆ ಇದನ್ನೆಲ್ಲ ಹೇಳುವಾಗ ನಿಮ್ಮ ಉಸಿರು ಕೇಳಿಸುವುದು ನನಗೆ ಬೇಡವಾಗಿತ್ತು. ಅಂಚೆ ಬಂದರೆ ಕಳಿಸಿ ಎಂದು ನೀವು ಚೀಟಿಯಲ್ಲಿ ಕೊಟ್ಟುಹೋದ ವಿಳಾಸಕ್ಕೇ ಬರೆಯುತ್ತಿದ್ದೇನೆ.

ನನ್ನ ಓದುವ ಕೋಣೆಯ ಚಾವಣಿ ಈಗ ಒಣಗಿದೆ. ಬಕೆಟ್ಟು ಎತ್ತಿಟ್ಟ ಮೇಲೆ ಮೇಜು ಬಹಳ ದೊಡ್ಡದಾಗಿ ಕಾಣುತ್ತದೆ. ಕರಡು ತಿದ್ದಲು ಬರುವ ಹಾಳೆಗಳನ್ನು ಹರಡಿಕೊಂಡು ಕೂರುತ್ತೇನೆ. ಕೆಲವು ದಿನ ಸಂಜೆಯಾದರೂ ಒಂದು ಮಾತೂ ಆಡಿರುವುದಿಲ್ಲ.

ಎರಡು ವರ್ಷ ನಾವು ನಡೆಸಿಕೊಂಡು ಬಂದ ಏರ್ಪಾಡನ್ನು ಕೇಳಿದರೆ ಬೇರೆಯವರು ನಗುತ್ತಾರೆ. ನಿಮ್ಮ ಬಚ್ಚಲಿನ ನೀರು ನನ್ನ ಮೇಜಿನ ಮೇಲೆ ತೊಟ್ಟಿಕ್ಕುತ್ತದೆ ಎಂದು ಮೊದಲ ಸಲ ಮೆಟ್ಟಿಲ ಬಳಿ ಹೇಳಿದಾಗ ನಿಮ್ಮ ಮುಖ ಬಿಳುಚಿಕೊಂಡಿತು. "ಓನರ್‌ಗೆ ಮಾತ್ರ ಹೇಳ್ಬೇಡಿ ಸಾರ್. ಹನ್ನೊಂದು ವರ್ಷದಿಂದ ಇದ್ದೀನಿ, ಹಳೇ ಬಾಡಿಗೆ. ಖಾಲಿ ಮಾಡ್ಸೋಕೆ ನೆಪ ಹುಡುಕ್ತಿದ್ದಾರೆ" ಎಂದಿರಿ. ಅಂದಿನಿಂದ ದಿನಾ ಬೆಳಿಗ್ಗೆ ಲ್ಯಾಬಿನ ಕೆಲಸಕ್ಕೆ ಹೊರಡುವ ಮುಂಚೆ ಬಚ್ಚಲಿನ ಕಿಂಡಿಯಿಂದ ನಿಮ್ಮ ಕೂಗು ಬರುತ್ತಿತ್ತು: "ಸಾರ್, ನೀರು ಹುಯ್ಕೋಬೋದಾ?" ನಾನು ಹಾಳೆ ಸರಿಸಿ, ಬಕೆಟ್ಟಿಟ್ಟು, "ಹುಯ್ಕೊಳ್ಳಿ ಮೇಡಂ" ಅನ್ನುತ್ತಿದ್ದೆ. ಒಮ್ಮೆ ತಡವಾದಾಗ, "ಸೋಪು ಹಚ್ಕೊಂಡು ನಿಂತಿದ್ದೀನಿ ಸಾರ್, ನಿಮಗೆ ಪುಣ್ಯ ಬರುತ್ತೆ, ಬೇಗ!" ಎಂದಿರಿ. ಮಧ್ಯಾಹ್ನ ಊಟಕ್ಕೆ ಕೂತಾಗಲೂ ಅದನ್ನು ನೆನೆದು ಒಬ್ಬನೇ ನಕ್ಕೆ. ಇಷ್ಟು ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಮಾತಿರಲಿಲ್ಲ. ಗೇಟಿನ ಬಳಿ ಎದುರಾದರೆ ಇಬ್ಬರೂ ತಲೆ ಬಗ್ಗಿಸಿಕೊಂಡು ಹೋಗುತ್ತಿದ್ದೆವು.

ಜೂನಿನಲ್ಲಿ ನಿಮ್ಮ ಅಕ್ಕ ಬಂದು ನಾಲ್ಕು ದಿನ ಇದ್ದರು. ಮೊದಲ ದಿನ ನೀವು ಕೂಗಲಿಲ್ಲ; ಇಪ್ಪತ್ತು ಪುಟದ ಕರಡು ನೆನೆದುಹೋಯಿತು. ಎರಡನೆಯ ದಿನವೂ ಕೂಗಲಿಲ್ಲ. ಅಂದು ನಾನು ಬಕೆಟ್ಟನ್ನು ಮೊದಲೇ ಇಟ್ಟಿದ್ದೆ, ಹಾಳೆಗಳಿಗೆ ಏನೂ ಆಗಲಿಲ್ಲ. ಮೇಲೆ ನೀವಿಬ್ಬರೂ ನಗುವುದು ಕೇಳುತ್ತಿತ್ತು. ನನ್ನ ವಿಷಯಕ್ಕೇ ನಗುತ್ತಿದ್ದೀರಿ ಅನ್ನಿಸಿತು. ಚಾವಣಿಯ ಫೋಟೋ ತೆಗೆದು ಓನರ್ ಸಿದ್ದಲಿಂಗಯ್ಯನವರಿಗೆ ಕಳಿಸಿದೆ. ಮೊದಲ ದಿನವಲ್ಲ, ಎರಡನೆಯ ದಿನ. ಇದನ್ನು ನೀವು ಗಮನಿಸಬೇಕು. ನಾನು ದೂರು ಕೊಟ್ಟದ್ದು ನೀರಿಗಾಗಿ ಅಲ್ಲ.

ಒಬ್ಬಂಟಿ ಹೆಂಗಸು ಅಕ್ಕನ ಎದುರಿಗೆ, ಬಚ್ಚಲಿನಿಂದ, ಕೆಳಗಿನ ಮನೆಯ ಗಂಡಸನ್ನು ಹೇಗೆ ಕೂಗಿಯಾಳು? ಇಷ್ಟು ಸಣ್ಣ ವಿಷಯ ಹೊಳೆಯುವ ಹೊತ್ತಿಗೆ ನೀವು ಆಟೊ ಹತ್ತಿ ಹೋಗಿದ್ದಿರಿ.

ಮೊನ್ನೆ ಸಿದ್ದಲಿಂಗಯ್ಯ ಬಂದಿದ್ದರು. ಮೇಲೆ ಬಣ್ಣ ಹೊಡೆಸಿದ್ದಾರೆ. ಭಾನುವಾರ ಹತ್ತು ಗಂಟೆಗೆ ಮನೆ ನೋಡಲು ಯಾರೋ ಬರುತ್ತಾರಂತೆ. "ಆಯಮ್ಮ ಫೋನ್ ಮಾಡಿದ್ರೆ ಕೆಲ್ಸ ಇನ್ನೂ ನಡೀತೈತೆ ಅಂದ್ಬಿಡಿ ಸಾರ್" ಎಂದರು. "ಫೋಟೋ ಕಳ್ಸಿದ್ದು ನೀವೇ ಅಲ್ವಾ? ನಿಮ್ಮಿಂದಾನೇ ದಾರಿ ಆಯ್ತು ಬಿಡಿ" ಎಂದು ನಗುತ್ತಾ ಬೆನ್ನು ತಟ್ಟಿದರು. ಬಹಳ ಕಾಲದಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಮುಟ್ಟಿದ್ದು ಇದಕ್ಕಾಗಿ.

ನಿಮ್ಮ ಸಾಮಾನೆಲ್ಲ ಮಲಗುವ ಕೋಣೆಯಲ್ಲಿ ಹಾಗೇ ಇದೆ, ಅದಕ್ಕೆ ಹಾಕಿರುವ ಬೀಗ ನಿಮ್ಮದು. ಕೀಲಿಯನ್ನು ಯಾರು ಕೇಳಿದರೂ ಕೊಡಬೇಡಿ. ಓನರ್ ಅಡ್ವಾನ್ಸ್ ವಾಪಸು ಕೊಡುತ್ತೇನೆಂದರೆ ತೆಗೆದುಕೊಳ್ಳಬೇಡಿ. ಭಾನುವಾರ ಒಂಬತ್ತಕ್ಕೆಲ್ಲ ಬಂದುಬಿಡಿ, ಅಕ್ಕನನ್ನೂ ಕರೆದುಕೊಂಡು ಬನ್ನಿ. ನೀವು ರಿಪೇರಿಗೆಂದು ಹೋದವರೇ ಹೊರತು ಮನೆ ಬಿಟ್ಟು ಹೋದವರಲ್ಲ ಎಂದು ಮನೆ ನೋಡಲು ಬಂದವರ ಎದುರಿಗೇ ಹೇಳುತ್ತೇನೆ. ಆಗ ಸಿದ್ದಲಿಂಗಯ್ಯ ಫೋಟೋದ ಮಾತು ತೆಗೆಯುತ್ತಾರೆ. ಅದನ್ನು ನೀವು ಮೊದಲು ಅವರ ಬಾಯಿಂದ ಕೇಳಬಾರದೆಂದು ಈ ಕಾಗದ.

ಬಂದ ಮೇಲೆ ನನ್ನೊಡನೆ ಮಾತಾಡಬೇಕೆಂದೇನೂ ಇಲ್ಲ. ಸಿದ್ದಲಿಂಗಯ್ಯ ನನಗೂ ಖಾಲಿ ಮಾಡಲು ಹೇಳಬಹುದು. ಹೇಳಲಿ. ಬಾಗಿಲು ತೆಗೆದು ನೀವು ನಿಮ್ಮ ಒಲೆ ಹಚ್ಚಿದರೆ ಸಾಕು.

ನಿಮ್ಮ ಮನೆ ನಿಮಗೇ ಉಳಿಯಲಿ ಎಂದು ಹಾರೈಸುತ್ತಾ,

ಕೆಳಗಿನ ಮನೆಯ
ರಾಮಪ್ರಸಾದ
ಪುಟ್ಟೇನಹಳ್ಳಿ