ಕರೆಂಟ್ ಇಲ್ಲದ ಆ ಜನವರಿ

ಮುದ್ದಿನ ಆನಿಕ್,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಒಲೆಯ ಮೇಲೆ ಹಾಲಿದೆ ಎಂದು ನೆಪ ಹೇಳಿ ಇಟ್ಟುಬಿಟ್ಟೆ. ನಿನ್ನನ್ನು ಮದುವೆಯಾದವನ ಜೊತೆ ಅವನ ಎಂಟು ವರ್ಷದ ಮಗಳೂ ನಿನ್ನ ಮನೆಗೆ ಬಂದಿದ್ದಾಳೆ. ಆ ಫ್ಲಾವಿ ನಿನ್ನೊಡನೆ ಮಾತಾಡುವುದಿಲ್ಲ, ಊಟದ ತಟ್ಟೆ ಹಿಡಿದು ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾಳೆ. "ನನ್ನನ್ನ ನೀನು ಹೇಗೆ ಗೆದ್ದೆ ಗಿಸ್ಲೆನ್, ಹೇಳಿಕೊಡು" ಎಂದೆ. ನಾನು ಗೆಲ್ಲಲಿಲ್ಲ ಮಗಳೇ. ಆ ಕಥೆ ನಿನಗೆ ಅರ್ಧ ಗೊತ್ತು. ಉಳಿದರ್ಧ ಬಾಯಲ್ಲಿ ಹೇಳಲು ಬರುವುದಿಲ್ಲ, ಬರೆಯುತ್ತೇನೆ.

ತೊಂಬತ್ತೆಂಟರ ಜನವರಿಯಲ್ಲಿ ನಿನಗೆ ಹನ್ನೊಂದು ವರ್ಷ. ಹಿಂದಿನ ಶರತ್ಕಾಲದಲ್ಲಷ್ಟೇ ನಾನು ನಿಮ್ಮಪ್ಪನನ್ನು ಮದುವೆಯಾಗಿ ಆ ಮನೆಗೆ ಬಂದಿದ್ದೆ. ನಿನ್ನ ಅಮ್ಮ ಸೊಲಾಂಜ್ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಬಂದ ಮೇಲೆ ಮನೆಯಲ್ಲಿ ಯಾರೂ ಅವಳ ಹೆಸರೆತ್ತುತ್ತಿರಲಿಲ್ಲ. ಅದು ನನ್ನ ಮೇಲಿನ ಮರ್ಯಾದೆ ಎಂದು ನಿಮ್ಮಪ್ಪ ಭಾವಿಸಿದ್ದ. ನೀನು ನನಗೆ ಬಹುವಚನ ಹಚ್ಚುತ್ತಿದ್ದೆ, "ನೀವು ಉಪ್ಪು ಕೊಡ್ತೀರಾ", "ನೀವು ಬಾಗಿಲು ಹಾಕಿ" ಎಂದು, ಯಾವುದೋ ಕಚೇರಿಯ ಹೆಂಗಸಿಗೆ ಹೇಳುವ ಹಾಗೆ. ಅಂಥ ಮರ್ಯಾದೆ ಎಷ್ಟು ನೋಯುತ್ತದೆಂದು ಈಗ ನಿನಗೂ ಗೊತ್ತಾಗಿರಬೇಕು.

ಆಮೇಲೆ ಆ ಮಳೆ ಶುರುವಾಯಿತು. ಬಿದ್ದ ನೀರು ಬಿದ್ದಲ್ಲೇ ಗಾಜಾಗುತ್ತಿತ್ತು. ರೆಂಬೆಗೆ, ತಂತಿಗೆ, ಬೇಲಿಗೆ ಹೆಬ್ಬೆರಳ ದಪ್ಪದ ಗಾಜು. ಮೇಪಲ್ ಮರಗಳು ಭಾರ ತಾಳಲಾರದೆ ಕೋವಿ ಹಾರಿಸಿದ ಹಾಗೆ ಸಿಡಿದು ಮುರಿಯುತ್ತಿದ್ದವು. ಹೊಲದಾಚೆ ಕರೆಂಟ್ ತಂತಿ ಹೊತ್ತ ಕಬ್ಬಿಣದ ಗೋಪುರಗಳು ಮಂಡಿಯೂರಿ ಕುಸಿದವು. ನಿಮ್ಮಪ್ಪ ರೇಜಾನ್ ಲೈನ್‌ಮನ್ ಅಲ್ಲವೇ, ಕರೆಂಟ್ ಹೋದ ಬೆಳಿಗ್ಗೆಯೇ ಅವನನ್ನು ಕರೆಸಿಕೊಂಡರು. "ಎರಡು ದಿನ, ಹೆಚ್ಚಂದ್ರೆ ಮೂರು" ಎಂದು ಹೇಳಿ ಹೋದವನು ವಾರಗಟ್ಟಲೆ ಬರಲಿಲ್ಲ. ಊರೂರಿಗೆ ಬೆಳಕು ಕೊಡುವವನ ಮನೆಯಲ್ಲೇ ಕತ್ತಲು. ಫೋನೂ ಸತ್ತಿತ್ತು. ಮನೆಯಲ್ಲಿ ಉಳಿದವರು ನೀನು ಮತ್ತು ನಾನು.

ಮನೆಯ ಹಿಂಭಾಗದ ಅಡುಗೆಮನೆಯಲ್ಲಿ ಹಳೆಯದೊಂದು ಕಟ್ಟಿಗೆ ಒಲೆಯೇನೋ ಇತ್ತು. ಆದರೆ ಅದರ ಮೇಲೆ ಸೊಲಾಂಜ್ ಜೆರೇನಿಯಂ ಕುಂಡಗಳನ್ನು ಜೋಡಿಸಿದ್ದಳು. ಅವನ್ನು ಎತ್ತಲು ನನಗೆ ಕೈ ಬರಲಿಲ್ಲ. ನೀನು ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದೆ. ಇಬ್ಬರೂ ಕೋಟು ಹಾಕಿಕೊಂಡೇ ತಣ್ಣಗಿನ ಬ್ರೆಡ್ ತಿಂದೆವು. ಮರುದಿನ ಬೆಳಿಗ್ಗೆ ಬಾಯಿಂದ ಹೊಗೆ ಬರುವಷ್ಟು ಚಳಿ. ಆಗ ಉಪ್ಪು, ಬಾಗಿಲು ಬಿಟ್ಟು ಬೇರೊಂದು ಮಾತನ್ನು ನೀನಾಗಿಯೇ ಮೊದಲ ಸಲ ನನ್ನೊಡನೆ ಆಡಿದೆ.

"ನಮ್ಮಜ್ಜಿ ಒಬ್ಬಳೇ ಇದ್ದಾಳೆ. ಅವಳ ಮನೇಲಿ ಎಲ್ಲಾ ಕರೆಂಟಿಂದೇ. ನೀವು ಬರದಿದ್ರೆ ನಾನೊಬ್ಬಳೇ ಹೋಗ್ತೀನಿ."

ಸೊಲಾಂಜಳ ತಾಯಿ, ಮದಾಮ್ ಲೆಯೊಂತೀನ್. ನನ್ನ ಮದುವೆಗೆ ಬಾರದವಳು, ದಾರಿಯಲ್ಲಿ ಎದುರಾದರೆ ಅಂಗಡಿಯ ಕಿಟಕಿ ನೋಡುತ್ತ ಸಾಗುವವಳು. ಜಾರದಿರಲೆಂದು ಬೂಟಿನ ಮೇಲೆ ಉಣ್ಣೆ ಕಾಲುಚೀಲ ಎಳೆದುಕೊಂಡು, ನಿನ್ನ ಹಿಮಗಾಡಿಯನ್ನು ಎಳೆಯುತ್ತ ಚರ್ಚಿನ ಹಿಂದಿನ ಅವಳ ಮನೆಗೆ ಹೋದದ್ದು ನೆನಪಿದೆಯೇ? ಅವಳು ಇದ್ದಬದ್ದ ಕಂಬಳಿಯೊಳಗೆಲ್ಲ ಹುದುಗಿ ಕೂತಿದ್ದಳು. "ಜನರನ್ನೆಲ್ಲ ಇರಿಸಿರೋ ಶಾಲೆಗೆ ಬಾ ಅಂದ್ರು, ಸಹಾಯಕ್ಕೆ ಬಂದ ಮಿಲಿಟರಿ ಹುಡುಗರು. ಊರವರ ಗೊರಕೆ ಕೇಳ್ತಾ ಮಲಗೋದಕ್ಕಿಂತ ಇಲ್ಲೇ ಸಾಯ್ತೀನಿ ಅಂದೆ" ಎಂದಳು ನಿನಗೆ. ನನ್ನ ಕಡೆ ತಿರುಗಲಿಲ್ಲ. ಹಿಮಗಾಡಿಯ ಮೇಲೆ ಕೂರಿಸಿ ಎಳೆದುಕೊಂಡು ಬರುವಾಗ ದಾರಿಯುದ್ದಕ್ಕೂ ಬೈಗುಳ. "ಮೆಲ್ಲಗೆ ಎಳೀರೇ, ನಾನೇನು ಆಲೂಗಡ್ಡೆ ಮೂಟೆನಾ?"

ಮನೆಯೊಳಗೆ ಕಾಲಿಟ್ಟವಳು ತಣ್ಣಗೆ ಕೂತಿದ್ದ ಒಲೆಯನ್ನು ನೋಡಿದಳು, ಅದರ ಮೇಲಿನ ಕುಂಡಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಸಲೂನಿನವಳಿಗೆ ಕೂದಲು ಸುಡೋಕೆ ಬರುತ್ತೆ, ಕಟ್ಟಿಗೆ ಸುಡೋಕೆ ಬರಲ್ಲ" ಎಂದು ನನ್ನ ಸಲೂನ್ ಕೆಲಸವನ್ನು ಹಂಗಿಸಿದಳು. ಕುಂಡಗಳು ಸೊಲಾಂಜಳವು ಎಂದು ನಾನು ಮೆಲ್ಲಗೆ ಹೇಳಿದೆ. ಮುದುಕಿ ಒಂದು ಎಲೆಯನ್ನು ಮುಟ್ಟಿ ನೋಡಿದಳು. "ಗೊತ್ತು. ನಾನೇ ಕೊಟ್ಟ ಸಸಿ ಅವು. ಗಿಡ ಹೋದರೆ ಇನ್ನೊಂದು ನೆಡಬಹುದು. ತೆಗಿ, ತೆಗಿ." ಕುಂಡಗಳನ್ನು ಒಂದೊಂದಾಗಿ ನೀನೇ ಇಳಿಸಿದೆ.

ಆಮೇಲೆ ಆ ಒಂದು ಕೋಣೆಯೇ ನಮ್ಮ ಮನೆಯಾಯಿತು. ಹಾಸಿಗೆಗಳೆಲ್ಲ ಒಲೆಯ ಸುತ್ತ ಬಂದವು. ಫ್ರೀಜರಿನಲ್ಲಿದ್ದುದು ಅಂಗಳದ ಹಿಮದಡಿ ಹೋಯಿತು. ಕ್ರಿಸ್‌ಮಸ್ಸಿಗೆ ಮಾಡಿ ಉಳಿದ ಮಾಂಸದ ಪೈ ಬಿಸಿಮಾಡಿ ತಿಂದೆವು, ಬಟಾಣಿ ಸೂಪು ಕುದಿಸಿದೆವು, ಇಸ್ಪೀಟಿನಲ್ಲಿ ಅಜ್ಜಿ ಮೋಸ ಮಾಡುವುದನ್ನು ಕಂಡೂ ಕಾಣದ ಹಾಗೆ ಇದ್ದೆವು. ಮೈಗೆಲ್ಲ ಹೊಗೆಯ ವಾಸನೆ. ಇಂದಿಗೂ ಎಲ್ಲಾದರೂ ಮೇಪಲ್ ಕಟ್ಟಿಗೆ ಉರಿದರೆ ನಾನು ನಿಂತಲ್ಲೇ ನಿಂತುಬಿಡುತ್ತೇನೆ.

ಆದರೆ ನೀನು ಸಂಜೆಯಾದರೆ ಎದ್ದು ಆ ಹೆಪ್ಪುಗಟ್ಟಿದ ಹಜಾರಕ್ಕೆ ಹೋಗುತ್ತಿದ್ದೆ. ಯಾಕೆಂದು ನನಗೆ ಗೊತ್ತಿತ್ತು. ಕರೆಂಟ್ ಇದ್ದಾಗ ಶಾಲೆಯಿಂದ ಬಂದೊಡನೆ ನೀನು ಫೋನಿನ ಪಕ್ಕದ ಆನ್ಸರಿಂಗ್ ಮಷೀನಿನ, ಮನೆಯಲ್ಲಿ ಯಾರೂ ಇಲ್ಲದಾಗ ಫೋನ್ ಮಾಡಿದವರಿಗೆ ಉತ್ತರ ಹೇಳುವ ಆ ಪೆಟ್ಟಿಗೆಯ, ಗುಂಡಿ ಒತ್ತಿ ಅದರಲ್ಲಿ ಉಳಿದಿದ್ದ ಅಮ್ಮನ ದನಿ ಕೇಳುತ್ತಿದ್ದೆ. ನನಗೆ ಕೇಳಿಸುತ್ತಿಲ್ಲ ಎಂದು ನಿನಗೆ ಅನಿಸಲಿ ಎಂದು ನಾನು ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಡುತ್ತಿದ್ದೆ. ಈಗ ಆ ಸತ್ತ ಗುಂಡಿಯ ಮೇಲೆ ಬೆರಳಿಟ್ಟು ಕತ್ತಲಲ್ಲಿ ಸುಮ್ಮನೆ ನಿಂತಿದ್ದ ನಿನ್ನನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಮರುದಿನ ಮಧ್ಯಾಹ್ನ ಲಟ್ಟಣಿಗೆ ಹಿಡಿದು ಕಾರಿನ ಬಾಗಿಲ ಮಂಜುಗಡ್ಡೆ ಒಡೆದೆ. ಕಾರಿನ ಪ್ಲೇಯರ್‌ಗೆ ಒಮ್ಮೊಮ್ಮೆ ಕ್ಯಾಸೆಟ್ ನುಂಗುವ ಚಾಳಿಯಿತ್ತು. ಮೊದಲು ನನ್ನದೇ ಒಂದು ಕುಣಿತದ ಹಾಡಿನ ಕ್ಯಾಸೆಟ್ ಹಾಕಿ ನೋಡಿದೆ, ಓಡಿತು. ಒಳಗೆ ಬಂದು ನಿನಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ಮಷೀನಿನ ಕ್ಯಾಸೆಟ್ ಕಾರಿಗೆ ಹೊಂದುತ್ತೆ. ಆದ್ರೆ ಈ ಚಳೀಲಿ ಹಾಳಾಗಲೂಬಹುದು. ನೀನು ಬೇಡ ಅಂದ್ರೆ ಬೇಡ."

ನಿನ್ನ ಮುಖ ಬಿಳಿಚಿಕೊಂಡಿತು. ಅಜ್ಜಿ "ಯಾವ ಕ್ಯಾಸೆಟ್?" ಎಂದಳು. ಅವಳಿಗೆ ಅದೊಂದು ಇದೆಯೆಂದೇ ಗೊತ್ತಿರಲಿಲ್ಲ. ನೀನು ಎದ್ದು ಹೋಗಿ ಮಷೀನು ಬಿಚ್ಚಿದೆ.

ಮೂವರೂ ಕಾರಿನಲ್ಲಿ ಕೂತೆವು. ಗಾಜುಗಳ ಮೇಲೆಲ್ಲ ಮಂಜುಗಡ್ಡೆ. ಹೊರಗಿನದೇನೂ ಕಾಣದು, ಹಾಲಿನಂಥ ಬೆಳಕಷ್ಟೇ. ಹಿಂದಿನ ಸೀಟಿನಿಂದ ಕೈ ಚಾಚಿ ಕ್ಯಾಸೆಟನ್ನು ಒಳಗೆ ತಳ್ಳಿದವಳು ನೀನೇ. ಏನೋ ಗರಗರ ಎಂದಿತು. ನುಂಗಿಯೇಬಿಟ್ಟಿತು ಎಂದುಕೊಂಡೆ.

"ಹಲೋ, ನಾವು ಮನೇಲಿಲ್ಲ. ಇದ್ರೂ ಇರಬಹುದು, ಅಂಗಳದಲ್ಲಿ ಬಟ್ಟೆ ಒಣಗಿಸ್ತಿರಬಹುದು. ನಿಮ್ಮ ಹೆಸರು ಹೇಳಿಬಿಡಿ. ಗಡಿಬಿಡಿ ಏನಿಲ್ಲ." ಕೊನೆಗೆ ಹಿಂದಿನಿಂದ ಪುಟ್ಟ ಹುಡುಗಿಯೊಬ್ಬಳ ನಗು. ಅದು ನಿನ್ನದು.

ಅಜ್ಜಿ "ಇನ್ನೊಂದ್ ಸಲ ಹಾಕು" ಎಂದಳು. ಎರಡನೆಯ ಸಲ ಮುಗಿದಾಗ, "ಅವಳಿಗೆ ನೆಗಡಿಯಾಗಿತ್ತು ಆವತ್ತು. ಮೂಗು ಕಟ್ಟಿದ್ದು ಕೇಳಿಸ್ತಾ?" ಎಂದು ಹೇಳಿ ಕೈಗವಸಿನಲ್ಲೇ ಕಣ್ಣೊರೆಸಿಕೊಂಡಳು. ನೀನು ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ ನನ್ನನ್ನು ಕೇಳಿದೆ.

"ಗಿಸ್ಲೆನ್, ನಿನಗೆ ಮೊದಲಿಂದಾನೂ ಗೊತ್ತಿತ್ತಾ?"

"ನಿಮಗೆ" ಅಲ್ಲ, "ನಿನಗೆ" ಎಂದೆ ನೀನು. ನಿನಗೆ ಅದು ತಿಳಿಯಲೂ ಇಲ್ಲ. ನಾನು ಹೌದೆಂದು ತಲೆಯಾಡಿಸಿದೆ. ಆಮೇಲೆ ನಾನೇ ಕೇಳಿದೆ, "ಸೊಲಾಂಜ್ ಬಟ್ಟೆ ಎಲ್ಲಿ ಒಣಹಾಕ್ತಿದ್ದಳು?" ಅಷ್ಟೇ ಸಾಕಾಯಿತು. ನೀವಿಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಮಾತು ಹಾಕಿ ಹೇಳತೊಡಗಿದಿರಿ. ಉಳಿದ ದಿನಗಳೆಲ್ಲ ಒಲೆಯ ಮುಂದೆ ಅವಳದೇ ಮಾತು. ನಾನು ಎಂದೂ ನೋಡಿರದ ಆ ಹೆಂಗಸು ಎಲೆಕೋಸು ಮುಟ್ಟುತ್ತಿರಲಿಲ್ಲ, ಸೈಕಲ್ಲಿನಿಂದ ಬಿದ್ದು ಹಲ್ಲು ಮುರಿದುಕೊಂಡಿದ್ದಳು, ಪೂಜೆಯ ನಡುವೆ ಚರ್ಚಿನಲ್ಲಿ ನಕ್ಕು ಪೆಟ್ಟು ತಿಂದಿದ್ದಳು ಎಂದೆಲ್ಲ ನನಗೆ ತಿಳಿಯಿತು. ವಿಚಿತ್ರವೆಂದರೆ, ಅವಳು ಆ ಮನೆಗೆ ಮರಳಿ ಬಂದ ಮೇಲೆಯೇ ನನಗೂ ಅಲ್ಲಿ ಜಾಗ ಸಿಕ್ಕಿತು.

ಒಲೆಯಲ್ಲಿ ನೀರು ಕಾಯಿಸಿ ನಾನು ಅಜ್ಜಿಯ ತಲೆ ತೊಳೆಯುತ್ತಿದ್ದಾಗ ಕರೆಂಟ್ ಬಂತು. ದೀಪ, ಫ್ರಿಜ್ಜು, ರೇಡಿಯೋ ಎಲ್ಲ ಒಟ್ಟಿಗೆ ಅರಚಿಕೊಂಡವು. "ಯಾರೇ ಅದು ಗಲಾಟೆ? ಆರಿಸ್ರೇ, ಕಣ್ಣಿಗೆ ಸೋಪು ಹೋಗ್ತಿದೆ" ಎಂದಳು ಅಜ್ಜಿ. ಕೆಲವು ದಿನಗಳ ಮೇಲೆ ಗಡ್ಡ ಬಿಟ್ಟುಕೊಂಡು ಬಂದ ನಿಮ್ಮಪ್ಪ ಬೂಟು ಬಿಚ್ಚದೆ ನೆಲದ ಮೇಲೆಯೇ ಮಲಗಿಬಿಟ್ಟ. ನಾವು ಮೂವರೂ ಅವನನ್ನು ದಾಟಿಕೊಂಡು ಅಡುಗೆ ಮಾಡಿದೆವು. ತನ್ನ ಮನೆಗೆ ಹೊರಟಾಗ ಅಜ್ಜಿ ಬಾಗಿಲಲ್ಲಿ ನನಗೆ, "ಭಾನುವಾರ ಬರ್ತೀನಿ. ನಿನ್ನ ಸೂಪಿಗೆ ಉಪ್ಪು ಸಾಲದು" ಎಂದಳು. ಸಾಯುವವರೆಗೂ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ಫ್ಲಾವಿಯ ಅಮ್ಮ ದೂರದ ವಿನ್ನಿಪೆಗ್‌ನಲ್ಲಿದ್ದಾಳೆ ಎಂದೆಯಲ್ಲ. ನಿಮ್ಮ ಮನೆಯಲ್ಲಿ ಅವಳ ಹೆಸರನ್ನು ಯಾರಾದರೂ ಗಟ್ಟಿಯಾಗಿ ಹೇಳುತ್ತಾರೆಯೇ? ಯಾರೂ ಹೇಳದಿದ್ದರೆ ನೀನು ಹೇಳು. ಇವತ್ತೇ ಊಟದ ಹೊತ್ತಿಗೆ, ಏನನ್ನೋ ಬಡಿಸುತ್ತ, ಇದು ನಿಮ್ಮಮ್ಮನಿಗೆ ಇಷ್ಟವಾ ಎಂದು ಕೇಳು. ಅವಳು ಉತ್ತರ ಕೊಡದಿದ್ದರೆ ನಾಳೆ ಬೇರೊಂದು ಕೇಳು. ಇದಕ್ಕಿಂತ ಹೆಚ್ಚಿನ ವಿದ್ಯೆ ನನಗೆ ಗೊತ್ತಿಲ್ಲ.

ಆ ಮಗು ತಟ್ಟೆ ಹಿಡಿದು ಹೊರಗೆ ಬಂದು ನಿನ್ನ ಪಕ್ಕದ ಕುರ್ಚಿ ಎಳೆದುಕೊಳ್ಳಲಿ, ನಿನ್ನ ಅಡುಗೆಯಲ್ಲಿ ತಪ್ಪು ಹುಡುಕುವಷ್ಟು ಸಲಿಗೆ ಅವಳಿಗೆ ಬೇಗ ಬರಲಿ ಎಂದು ಹರಸುತ್ತೇನೆ.

ಎಂದಿಗೂ ನಿನ್ನವಳೇ,
ಗಿಸ್ಲೆನ್