ಕುಸುಬಿ ಎಣ್ಣೆಯ ಅಂಟಿನುಂಡಿ

ನವೆಂಬರ್ ೧೨, ಮಂಗಳವಾರ. ಇಳಕಲ್ಲ, ತವರುಮನೆ.

ನನ್ನ ಕೂಸು ಶಂಭುವಿನ ಲಂಗೋಟಿಯಲ್ಲಿ ಇವತ್ತು ಮತ್ತೆ ರಕ್ತದ ಗೆರೆ. ಹಸುವಿನ ಹಾಲು ಕೂಸಿಗೆ ಒಗ್ಗುತ್ತಿಲ್ಲ, ನಾನು ಕುಡಿದರೂ ಎದೆಹಾಲಿನಲ್ಲಿ ಅದರ ಅಂಶ ಇಳಿಯುತ್ತದೆ ಎಂದು ಡಾಕ್ಟರ್ ಹೇಳಿದಂದಿನಿಂದ ಹಾಲು, ಮೊಸರು, ಚಹಾ ಎಲ್ಲ ಬಿಟ್ಟಿದ್ದೇನೆ. ಮತ್ತೆ ಯಾಕೆ?

ಮುಂಜಾನೆಯೇ ದವಾಖಾನೆಗೆ ಹೋದೆವು. ನಾನು ತಿನ್ನುವುದನ್ನೆಲ್ಲ ಡಾಕ್ಟರ್ ಕೇಳುತ್ತಿದ್ದರು. ಪಕ್ಕದಲ್ಲಿದ್ದ ಅವ್ವ, "ದಿನಾ ಅಂಟಿನುಂಡಿ ಕೊಡ್ತೇನ್ರಿ. ತುಪ್ಪದಾಗ ಮಾಡೇನಿ. ತುಪ್ಪ ಹಾಲಲ್ಲಲ್ರಿ?" ಎಂದಳು.

"ತುಪ್ಪದಾಗೂ ಹಾಲಿನ ಅಂಶ ಉಳಿದಿರ್ತದರಿ ಅವ್ವಾರ. ಎದಿಹಾಲು ಬಿಡಿಸಬ್ಯಾಡ್ರಿ, ತುಪ್ಪ ಬಿಡಿಸ್ರಿ."

ನನಗೂ ಹೊಳೆದಿರಲಿಲ್ಲ. ಬಾಣಂತಿಯ ಉಂಡಿಯ ಮೇಲೆ ಯಾರಿಗೆ ಸಂಶಯ ಬರುತ್ತದೆ!

ಮನೆಗೆ ಬಂದ ಮೇಲೆ ಅವ್ವ ಕೂಸನ್ನು ಎತ್ತಿಕೊಳ್ಳಲೇ ಇಲ್ಲ. "ನನ್ನ ಕೈಯಿಂದನ ಆತಲ್ಲವಾ" ಎಂದು ಮಗ್ಗದ ಮುಂದೆ ಸುಮ್ಮನೆ ಕುಳಿತಳು. ಲಾಳಿ ಓಡಲಿಲ್ಲ. ಆ ಸದ್ದಿಲ್ಲದೆ ಶಂಭುವಿಗೆ ನಿದ್ದೆ ಹತ್ತುವುದಿಲ್ಲ, ಮಧ್ಯಾಹ್ನವೆಲ್ಲ ಅತ್ತ. ನನಗೂ ಸಿಟ್ಟು ಬಂದಿತ್ತು, ಆದರೆ ಅವಳ ಬೆನ್ನು ನೋಡಿ ಇಳಿದುಹೋಯಿತು.

ಸಂಜೆ ಒಲೆ ಹತ್ತಿತು. ಜಾಲಿಯ ಅಂಟನ್ನು ಕುಸುಬಿ ಎಣ್ಣೆಯಲ್ಲಿ ಹುರಿದು ಹೊಸ ಉಂಡಿ ಕಟ್ಟಿದಳು. ಮೊದಲು ತಾನೇ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು.

"ಭಾಳ ಕೆಟ್ಟ ಆಗ್ಯಾವ. ತಿನ್ನು."

ಎರಡು ತಿಂದೆ. ಮೂರನೆಯದಕ್ಕೆ ಕೈ ಚಾಚಿದೆ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಶಂಭುವಿನ ತಲೆ ಸವರಿ ಒಳಗೆ ಹೋದಳು.

ಈಗ ಮಗ್ಗದ ಸದ್ದು ಕೇಳುತ್ತಿದೆ. ಕೂಸಿನ ಕಣ್ಣು ಮುಚ್ಚುತ್ತಿವೆ, ನನ್ನವೂ...