ಒಂಟಿ ಮನೆಗಳ ಒಪ್ಪಿಗೆ ಎಲ್ಲಿ ಹೋಯಿತು?

ಮಣ್ಣಿನ ಯೋಜನೆಯನ್ನು ಕೈಬಿಟ್ಟ ಮಾನ್ಯ ಅಧಿಕಾರಿಗಳೇ,

ಹೊಲದ ಮಣ್ಣಿನಲ್ಲಿ ಇಂಗಾಲವನ್ನು ಹಿಡಿದಿಡುವ ರೈತರಿಗೆ ಹಣ ಕೊಡಲು ನಗರದ ಜನ ಸಿದ್ಧರಿಲ್ಲ ಎಂದು ನಿಮ್ಮ ವರದಿ ಹೇಳುತ್ತದೆ. ಕೊಡುತ್ತೇನೆಂದು ನಾನು ಸಹಿ ಹಾಕಿದ್ದೆ. ಹಾಗಾದರೆ ನಾನು ಜನರಲ್ಲಿ ಒಬ್ಬನಲ್ಲವೇ?

ನಾನು ಕನ್ನಡಕಗಳಿಗೆ ಗಾಜು ಕೂರಿಸುವವನು. ನನ್ನ ಹೆಂಡತಿ ಇಪ್ಪತ್ತಾರು ವರ್ಷ ಮಣ್ಣು ಪರೀಕ್ಷಾ ಕೇಂದ್ರದಲ್ಲಿದ್ದಳು. ಊಟದ ಹೊತ್ತಿಗೆ ಅವಳದು ಒಂದೇ ಮಾತು: "ಕೊಯ್ಲಾದ ಮೇಲೆ ಕೂಳೆ ಸುಡದೆ, ಉಳುಮೆ ಕಮ್ಮಿ ಮಾಡಿದ್ರೆ ಇಂಗಾಲ ಗಾಳಿಗೆ ಸೇರದೆ ಮಣ್ಣಲ್ಲೇ ಉಳಿಯುತ್ತೆ ಕಣ್ರೀ. ಆದ್ರೆ ಮೊದಲೆರಡು ವರ್ಷ ಬೆಳೆ ಕಮ್ಮಿ ಬರಬಹುದು. ಆ ನಷ್ಟ ರೈತ ಒಬ್ನೇ ಯಾಕೆ ಹೊರಬೇಕು? ಗಾಳಿ ಎಲ್ಲರದ್ದೂ ಅಲ್ವಾ?" ನಾನು ತಟ್ಟೆ ನೋಡುತ್ತಲೇ ಹೂಂಗುಟ್ಟುತ್ತಿದ್ದೆ. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ಕಿವಿಗೆ ಬೇಕಾದಷ್ಟು ಬಿಡುವಿದೆ.

ಕಳೆದ ವರ್ಷ ಒಂದು ಭಾನುವಾರ ಮಧ್ಯಾಹ್ನ ನಿಮ್ಮ ಸಮೀಕ್ಷೆಯ ಹುಡುಗಿ ಬಾಗಿಲು ತಟ್ಟಿದಳು. ಹತ್ತು ನಿಮಿಷದ ಪ್ರಶ್ನೆಗಳು. ನಾನು ಒಂದು ಗಂಟೆ ಕೂರಿಸಿಕೊಂಡೆ. ಅಂಗಡಿಯ ಗಿರಾಕಿಗಳನ್ನು ಬಿಟ್ಟರೆ ಆ ತಿಂಗಳು ನಾನು ಮಾತಾಡಿದ್ದು ಅವಳೊಬ್ಬಳ ಜೊತೆ.

"ವರ್ಷಕ್ಕೆ ಎಷ್ಟು ಕೊಡ್ತೀರಾ ಸರ್?"

"ಒಂದು ತಿಂಗಳ ಕರೆಂಟ್ ಬಿಲ್ಲಿನಷ್ಟು."

"ಒಬ್ರೇ ಇದ್ದೀರಿ. ನಿಮಗ್ಯಾಕೆ ಸರ್ ಈ ಉಸಾಬರಿ?"

"ನನ್ನ ಹೆಂಡತಿ ಹೇಳ್ತಿದ್ಳಮ್ಮ. ಆಗ ಕೇಳಿಸ್ಕೊಳ್ಳಲಿಲ್ಲ."

ಅವಳು ಪೆನ್ನು ಕೆಳಗಿಟ್ಟು ನನ್ನ ಹೆಂಡತಿಯ ಹೆಸರು ಕೇಳಿದಳು. ಆ ಹೆಸರಿಗೆ ನಿಮ್ಮ ನಮೂನೆಯಲ್ಲಿ ಜಾಗವಿರಲಿಲ್ಲ, ಇರಲಿ. ನನ್ನ ಒಪ್ಪಿಗೆಗಾದರೂ ಇರಬೇಕಿತ್ತು.

ವರದಿ ಬಂದ ಮೇಲೆ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ, ನೀವು ಸಭೆಯಲ್ಲಿರದ ದಿನವನ್ನು ಕಂಡವರು ಯಾರೂ ಸಿಗಲಿಲ್ಲ. ಎರಡನೇ ಮೇಜಿನ ಗುಮಾಸ್ತೆ ಕಡತ ತೆಗೆದು ನೋಡಿದರು.

"ಒಬ್ಬರೇ ಇರೋ ಮನೆಗಳನ್ನ ಲೆಕ್ಕಕ್ಕೆ ತಗೊಂಡಿಲ್ಲ ಸರ್. ಕುಟುಂಬ ಅಂದ್ರೆ ಕನಿಷ್ಠ ಇಬ್ಬರು ಅಂತ ಸಾಹೇಬ್ರ ಆದೇಶ."

ಗಾಳಿಯೂ ಕುಟುಂಬ ಸಮೇತ ಉಸಿರಾಡುವವರಿಗೆ ಮಾತ್ರವೇ, ಮಾನ್ಯರೇ? ಒಬ್ಬನೇ ಇರುವ ಮನೆ ಎಂದು ತೆರಿಗೆಯವರು ಇದುವರೆಗೆ ಒಂದು ಸಲವೂ ನನ್ನ ಬಾಗಿಲಿಂದ ಹಿಂದಿರುಗಿಲ್ಲ.

ಅಂಥ ನಮೂನೆಗಳು ಎಷ್ಟಿವೆ ಎಂದು ಕೇಳಿದೆ. ಆಕೆ ಕಪಾಟಿನ ಕೆಳಗಿನ ಅರೆ ತೋರಿಸಿದರು. ನನ್ನ ಮೊಣಕಾಲಿನವರೆಗೆ ಪೇರಿಸಿಟ್ಟ ಕಟ್ಟುಗಳು. ಮೇಲಿನ ಹತ್ತು ಹಾಳೆ ತಿರುವಿದೆವು. ಏಳರಲ್ಲಿ 'ಕೊಡುತ್ತೇನೆ' ಎಂದಿತ್ತು. ಹೊರಡುವಾಗ ಆಕೆ ದನಿ ತಗ್ಗಿಸಿ, "ನಂದೂ ಇದರಲ್ಲೇ ಎಲ್ಲೋ ಇದೆ ಸರ್. ನಾನೂ ಒಬ್ಬಳೇ," ಎಂದರು.

ಆ ಕಟ್ಟುಗಳನ್ನು ಬಿಚ್ಚಿಸಿ. ಒಂದೊಂದನ್ನೂ ಎಣಿಸಿ, ಆಮೇಲೆ ಜನ ಏನು ಹೇಳಿದರೆಂದು ಬರೆಯಿರಿ. ಎಣಿಸಲು ಕೈ ಸಾಲದಿದ್ದರೆ ಹೇಳಿ ಕಳುಹಿಸಿ, ನಾನೇ ಬರುತ್ತೇನೆ. ಭಾನುವಾರಗಳು ನನಗೆ ಧಾರಾಳವಾಗಿವೆ.

ಇಂತಿ,
ಕರೆಯದಿದ್ದರೂ ಬರಲು ಸಿದ್ಧನಿರುವ,
ಕನ್ನಡಕದಂಗಡಿಯವನು